ಭದ್ರಾವತಿಯ ಕಬ್ಬಿಣ, ಚೀನೀಯರ ಬಾಣಲೆ

ಭದ್ರಾವತಿ ಎಂದೊಡನೆ ಶಿವಮೊಗ್ಗ ಸೀಮೆಯವರಿಗೆ ನೆನಪಾಗುವುದು ಎರಡು ಕಾರ್ಖಾನೆಗಳು: ಒಂದು ಕಬ್ಬಿಣದ್ದು, ಇನ್ನೊಂದು ಕಾಗದದ್ದು. 1918ರಲ್ಲಿ ಕೆಲಸ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಹೊತ್ತಿಕೊಂಡಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ವಿದ್ಯೆಗಳೆರಡೂ ಪಶ್ಚಿಮದಿಂದ ಬಂದವೆಂದೇ ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಕಬ್ಬಿಣವನ್ನು ನೀರಾಗಿಸಿ ಅಚ್ಚಿಗೆ ಹೊಯ್ಯುವುದು, ನಾರನ್ನು ಅರೆದು ಹಾಳೆಯಾಗಿಸುವುದು, ಇವೆರಡೂ ಮೊದಲಿಗೆ ಚೀನೀಯರ ಕಸುಬುಗಳು.

ನಮ್ಮ ಹಳೆಯ ಕುಲುಮೆಗಳಲ್ಲಿ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ. ಮೆತ್ತಗಾದ ಮುದ್ದೆಯನ್ನು ಕಮ್ಮಾರ ಬಡಿದು ಬಡಿದು ಕಿಟ್ಟ ತೆಗೆಯುತ್ತಿದ್ದ. ಚೀನೀಯರಾದರೋ ಕ್ರಿಸ್ತಪೂರ್ವ 5ನೆಯ ಶತಮಾನದ ಹೊತ್ತಿಗೇ ಬೀಡು ಕಬ್ಬಿಣ ಎರೆಯುತ್ತಿದ್ದರು. ಕ್ರಿ.ಶ. 31ರಲ್ಲಿ ನಾನ್‌ಯಾಂಗ್ ಪ್ರಾಂತದ ಅಧಿಕಾರಿ ದು ಶಿ ಎಂಬಾತ ನೀರಿನ ಚಕ್ರದಿಂದ ತಿದಿ ಊದಿಸುವ ಏರ್ಪಾಟು ಮಾಡಿದ. ಅದಕ್ಕೂ ಮೊದಲೇ, ಕ್ರಿ.ಪೂ. 117ರಲ್ಲಿ, ಹಾನ್ ಚಕ್ರವರ್ತಿ ಉಪ್ಪು ಮತ್ತು ಕಬ್ಬಿಣಗಳನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತೆಗೆದುಕೊಂಡಿದ್ದ. ಸರ್ಕಾರವೇ ಕಬ್ಬಿಣ ಮಾಡಬೇಕೆಂಬ ಯೋಚನೆ ಮೈಸೂರು ಸಂಸ್ಥಾನದ್ದೇ ಹೊಸದೇನಲ್ಲ!

ಅಚ್ಚಿಗೆ ಹೊಯ್ದ ಕಬ್ಬಿಣ ಅಗ್ಗವಾಯಿತು. ನೇಗಿಲಿನ ಗುಳವಾಗಿ ಹೊಲಕ್ಕೂ ಬಾಣಲೆಯಾಗಿ ಒಲೆಗೂ ಬಂತು. ತೆಳುವಾದ ಬಾಣಲೆ ಬೇಗ ಕಾಯುತ್ತದೆ. ತರಕಾರಿ, ಮಾಂಸಗಳನ್ನು ಸಣ್ಣಗೆ ಹೆಚ್ಚಿ ಜೋರು ಉರಿಯಲ್ಲಿ ಕ್ಷಣದಲ್ಲಿ ಬಾಡಿಸಿ ಇಳಿಸುವ ಅಡುಗೆ ಸೌದೆಯನ್ನು ಉಳಿಸುತ್ತದೆ. ತಟ್ಟೆಗೆ ಬರುವ ಮುನ್ನವೇ ಎಲ್ಲವೂ ತುಂಡಾಗಿರುವುದರಿಂದ ಊಟಕ್ಕೆ ಚಾಕು ಬೇಡ, ಎರಡು ಕಡ್ಡಿ ಸಾಕು.

ಕಾಗದದ ಕಥೆಯೂ ಹಾಗೆಯೇ. ಮರದ ತೊಗಟೆ, ಸೆಣಬು, ಹರಕು ಬಟ್ಟೆ, ಹಳೆಯ ಮೀನಿನ ಬಲೆ ಇವುಗಳಿಂದ ಹಾಳೆ ಮಾಡುವ ಕ್ರಮವನ್ನು ಕ್ರಿ.ಶ. 105ರಲ್ಲಿ ಆಸ್ಥಾನದ ಅಧಿಕಾರಿ ತ್ಸಾಯ್ ಲುನ್ ಚಕ್ರವರ್ತಿಗೆ ಒಪ್ಪಿಸಿದನೆಂದು ದಾಖಲೆಯಿದೆ. ಇದಕ್ಕಿಂತ ಹಳೆಯ ಕಾಗದದ ಚೂರುಗಳೂ ಉತ್ಖನನದಲ್ಲಿ ಸಿಕ್ಕಿವೆ. ನಾವು ತಾಳೆಗರಿಯಲ್ಲಿ ಕಾವ್ಯವನ್ನೂ ಕಡತದಲ್ಲಿ ಲೆಕ್ಕವನ್ನೂ ಬರೆಯುತ್ತಿದ್ದ ಕಾಲಕ್ಕೆ ಅಲ್ಲಿ ಕಾಗದ ನಿತ್ಯದ ವಸ್ತುವಾಗಿತ್ತು. ಹಬ್ಬಕ್ಕೆ ನಾವು ಮಾವಿನ ತೋರಣ ಕಟ್ಟುವಂತೆ ಅವರು ಹೊಸ ವರ್ಷಕ್ಕೆ ಬಾಗಿಲ ಇಕ್ಕೆಲದಲ್ಲಿ ಶುಭನುಡಿ ಬರೆದ ಕೆಂಪು ಕಾಗದ ಅಂಟಿಸುತ್ತಾರೆ. ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ದಿನ ಹಿರಿಯರ ಸಮಾಧಿಯನ್ನು ಗುಡಿಸಿ, ಎಡೆಯಿಟ್ಟು, ಕಾಗದದ ಹಣ ಸುಡುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆ ಬಲ್ಲವರಿಗೆ ಇದರ ಭಾವ ಬಿಡಿಸಿ ಹೇಳಬೇಕಿಲ್ಲ. ಇನ್ನು ಒಲೆಯ ದೇವರ ಆಚರಣೆಯಂತೂ ಬಹಳ ಸೊಗಸು. ವರ್ಷದ ಕೊನೆಗೆ ಮನೆಯ ವರದಿ ಒಪ್ಪಿಸಲು ಈತ ಸ್ವರ್ಗಕ್ಕೆ ಹೋಗುತ್ತಾನಂತೆ. ಚಾಡಿ ಹೇಳದಿರಲೆಂದು ಕಾಗದದ ಚಿತ್ರದಲ್ಲಿರುವ ಅವನ ಬಾಯಿಗೆ ಸಿಹಿ ಮೆತ್ತಿ, ಆಮೇಲೆ ಚಿತ್ರವನ್ನು ಸುಟ್ಟು ಕಳಿಸುತ್ತಾರೆ.

ಕಬ್ಬಿಣ, ಕಾಗದ ಎರಡೂ ಕಾಡನ್ನು ತಿನ್ನುವ ಉದ್ಯಮಗಳು. ಮರ ಸಾಲದೆ 11ನೆಯ ಶತಮಾನದ ಸುಂಗ್ ಅರಸರ ಕಾಲದಲ್ಲೇ ಉತ್ತರ ಚೀನಾದ ಕುಲುಮೆಗಳು ಕಲ್ಲಿದ್ದಲಿಗೆ ತಿರುಗಿದವು. ಭದ್ರಾವತಿಯ ಹತ್ತಿರ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದಲೇ ಕರಗಿಸಬೇಕಾಯಿತು.

ಈ ಹಳೆಯ ಪಾಠವನ್ನು ಚೀನಾವೇ ಮರೆತ ವರ್ಷ 1958. ಉಕ್ಕಿನ ಉತ್ಪಾದನೆಯನ್ನು ಒಂದೇ ವರ್ಷದಲ್ಲಿ ಇಮ್ಮಡಿಸಿ 1 ಕೋಟಿ 7 ಲಕ್ಷ ಟನ್ನಿಗೆ ಏರಿಸಬೇಕೆಂದು ಮಾವೋ ಸರ್ಕಾರ ಅಪ್ಪಣೆ ಮಾಡಿತು. ಹಿತ್ತಿಲು ಹಿತ್ತಿಲಲ್ಲಿ ಮಣ್ಣಿನ ಕುಲುಮೆಗಳೆದ್ದವು, ಗುಡ್ಡಗಳು ಬೋಳಾದವು. ಊಟ ಸಾಮೂಹಿಕ ಭೋಜನಶಾಲೆಗಳಲ್ಲಿ ಎಂದಾದ ಮೇಲೆ ಮನೆಯ ಬಾಣಲೆಗಳೂ ಕುಲುಮೆಗೆ ಬಿದ್ದವು. ಹೊರಬಂದದ್ದರಲ್ಲಿ ಬಹುಪಾಲು ಕೆಲಸಕ್ಕೆ ಬಾರದ ಗಟ್ಟಿ. ಕುಲುಮೆ ಕಾಯಲು ಹೋದ ರೈತರ ಪೈರು ಹೊಲದಲ್ಲೇ ಕೊಳೆಯಿತು. ತಪ್ಪು ನೀತಿಗಳೆಲ್ಲ ಕೂಡಿ ತಂದ 1959–61ರ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಒಲೆಯ ದೇವರು ಆ ವರ್ಷಗಳಲ್ಲಿ ಏನು ವರದಿ ಒಪ್ಪಿಸಿದನೋ!

ಅದೇ ಚೀನಾ 1978ರ ನಂತರ ಬೇರೆ ದಾರಿ ಹಿಡಿಯಿತು. 2020ರಲ್ಲಿ ಅದರ ಉಕ್ಕು 100 ಕೋಟಿ ಟನ್ ದಾಟಿತು. ಜಗತ್ತಿನ ಒಟ್ಟು ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯದೇ. ಆ ಬೆಳವಣಿಗೆಯ ಹಸಿವಿಗೆ ನಮ್ಮ ಬಳ್ಳಾರಿಯ ಅದಿರೂ ಹಡಗೇರಿತ್ತು. ಭದ್ರಾವತಿಯ ಕಾರ್ಖಾನೆಯೋ ಸ್ವಂತ ಗಣಿಯಿಲ್ಲದೆ ಸೊರಗಿತು. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು.