ಹಳೆಯ ಕಾಂಕ್ರೀಟ್ ರೈಲು ಸೇತುವೆಯ ಆಯಸ್ಸು ಅಳೆಯುವುದು ಹೇಗೆ?

ಐವತ್ತು ವರ್ಷ ದಾಟಿದ ಸೇತುವೆ ಕಂಡರೆ ‘ಇದರ ಆಯಸ್ಸು ಮುಗಿಯಿತು’ ಎನ್ನುವವರೇ ಹೆಚ್ಚು. ಆದರೆ ವರ್ಷ ಎಣಿಸಿದರೆ ಸಾಲದು. ಸೇತುವೆ ಎಷ್ಟು ಸಲ ಬಾಗಿದೆ, ಪ್ರತಿ ಸಲ ಎಷ್ಟು ಬಾಗಿದೆ ಎಂಬುದು ಮುಖ್ಯ.

ಕಟರ್ ಇಲ್ಲದಾಗ ಗಾರೆ ಕೆಲಸದವರು ಬೈಂಡಿಂಗ್ ವೈರನ್ನು ಅತ್ತಿತ್ತ ಬಗ್ಗಿಸಿ ತುಂಡು ಮಾಡುವುದನ್ನು ನೋಡಿರುತ್ತೇವೆ. ಎಳೆದರೆ ಜಗ್ಗದ ತಂತಿ ಬಗ್ಗಿಸಿದರೆ ಮುರಿಯುತ್ತದೆ. ಕಾಂಕ್ರೀಟಿನೊಳಗಿನ ಉಕ್ಕಿನ ಕಂಬಿಗೂ ಇಂಥದ್ದೇ ದಣಿವು ಉಂಟು. ಅಲ್ಲಿ ಬಾಗು ಕಣ್ಣಿಗೆ ಕಾಣದಷ್ಟು ಸಣ್ಣದು, ಸಲಗಳ ಲೆಕ್ಕ ಮಾತ್ರ ಲಕ್ಷಗಟ್ಟಲೆ. ಸೇತುವೆಯ ಸ್ವಂತ ತೂಕ ಸದಾ ಇರುವುದರಿಂದ ಅದು ಅಷ್ಟಾಗಿ ದಣಿಸದು. ರೈಲು ಬಂದಾಗ ಏರಿ, ಹೋದಾಗ ಇಳಿಯುವ ಒತ್ತಡದ ವ್ಯತ್ಯಾಸವೇ ದಣಿಸುವುದು.

ಈ ವ್ಯತ್ಯಾಸ ಸ್ವಲ್ಪ ಹೆಚ್ಚಿದರೂ ಪೆಟ್ಟು ದೊಡ್ಡದು. ಯುರೋಪಿನ ವಿನ್ಯಾಸ ಸಂಹಿತೆಯ ಪ್ರಕಾರ ನೇರ ಕಂಬಿಯಲ್ಲಿ ಒತ್ತಡದ ಏರಿಳಿತ ಶೇ. 20 ಹೆಚ್ಚಾದರೆ, ಅದು ತಾಳುವ ಸಲಗಳ ಸಂಖ್ಯೆ ಸುಮಾರು ಐದನೇ ಎರಡಕ್ಕೆ ಇಳಿಯುತ್ತದೆ. ಏರಿಳಿತ ಚಿಕ್ಕದಿದ್ದಲ್ಲಿ ಐದನೇ ಒಂದಕ್ಕೇ!

ಸ್ವೀಡನ್ನಿನ ಉತ್ತರದ ಕಬ್ಬಿಣದ ಅದಿರು ಸಾಗಿಸುವ ಮಾರ್ಗದಲ್ಲಿ ಈ ಪ್ರಶ್ನೆ ನಿಜಕ್ಕೂ ಎದುರಾಯಿತು. ಒಂದೊಂದು ಅಚ್ಚಿನ ಭಾರವನ್ನು 25 ಟನ್‌ನಿಂದ 30 ಟನ್‌ಗೆ ಏರಿಸಬೇಕಿತ್ತು, ಅಂದರೆ ಅದೇ ಶೇ. 20. ಹಳೆಯ ಸೇತುವೆಗಳು ತಾಳುತ್ತವೆಯೇ? ಲೆಕ್ಕದ ಉತ್ತರವನ್ನೇ ನಂಬದೆ ಲೌತಾಯೋಕಿ ಎಂಬಲ್ಲಿನ 1967ರ ಕಾಂಕ್ರೀಟ್ ಸೇತುವೆಯನ್ನೇ ಎತ್ತಿ ಲೂಲಿಯೋ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಯ್ದರು. ಸುಮಾರು 36 ಟನ್ ಅಚ್ಚುಭಾರಕ್ಕೆ ಸಮನಾದ ಹೊರೆಯನ್ನು 60 ಲಕ್ಷ ಸಲ ಹೊರಿಸಿ ಇಳಿಸಿದರು. ಸೇತುವೆ ದಣಿದು ಮುರಿಯಲಿಲ್ಲ. ಆ ಮಾರ್ಗದಲ್ಲಿ ಮುಂದೆ 30 ಟನ್ ಅಚ್ಚುಭಾರದ ರೈಲುಗಳು ಓಡತೊಡಗಿದವು.

ಎಲ್ಲ ಸೇತುವೆಗಳನ್ನೂ ಹೀಗೆ ಹೊತ್ತೊಯ್ಯಲಾಗದು, ಬಿಡಿ. ಸಾಮಾನ್ಯವಾಗಿ ಹಳೆಯ ನಕ್ಷೆ ಹುಡುಕಿ, ಕಾಂಕ್ರೀಟಿನ ತುಣುಕು ಕೊರೆದು ಬಲ ಅಳೆದು, ಸ್ಟ್ರೈನ್ ಗೇಜ್ ಅಂಟಿಸಿ ನಿಜವಾದ ರೈಲು ದಾಟಿಸಿ ನೋಡುತ್ತಾರೆ. ಅಳತೆ ಎಷ್ಟೋ ಬಾರಿ ಕಾಗದದ ಲೆಕ್ಕಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಹಳಿ ಮತ್ತು ಜಲ್ಲಿ ಭಾರವನ್ನು ಹಂಚುತ್ತವೆ. ಕಾಂಕ್ರೀಟ್ ಕೂಡ ವರ್ಷ ಕಳೆದಂತೆ ಗಟ್ಟಿಯಾಗಿರುತ್ತದೆ. ಬಳಿಕ ಹಿಂದೆ ಓಡಿದ ರೈಲುಗಳ ದಾಖಲೆ ಹಿಡಿದು, ಪ್ರತಿಯೊಂದು ಬಗೆಯ ಹೊರೆ ಎಷ್ಟು ಆಯಸ್ಸು ತಿಂದಿತೆಂದು ಕೂಡಿಸುತ್ತಾರೆ.

ನಮ್ಮ ಮಟ್ಟಿಗೆ ಹೆಚ್ಚು ಭಯಪಡಬೇಕಾದದ್ದು ವಯಸ್ಸಿಗಲ್ಲ, ನೀರಿಗೆ. ನೀರು ಇಳಿದು ಕಂಬಿಗೆ ತುಕ್ಕು ಹಿಡಿದರೆ ಅದರ ಮೈಯಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ಆಗ ಮೇಲಿನ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಬೇಕಾಗುತ್ತದೆ.