ಪೆಂಗ್ವಿನ್‌ಗಳಿಗೆ ಸ್ವೆಟರ್ ಬೇಕಂತೆ, ನಿಜವೇ? ಕೈಯಾರೆ ಹೆಣೆದದ್ದನ್ನು ದಾನ ಕೊಡುವ ಮುನ್ನ ಇದನ್ನು ಓದಿ

“ಆಸ್ಟ್ರೇಲಿಯಾದಲ್ಲಿ ಪೆಂಗ್ವಿನ್‌ಗಳು ಚಳಿಗೆ ಸಾಯುತ್ತಿವೆ. ಹೆಣಿಗೆ ಬಲ್ಲವರು ಪುಟ್ಟ ಸ್ವೆಟರ್ ಹೆಣೆದು ಕಳಿಸಿ. ಕನಿಷ್ಠ ಹತ್ತು ಜನರಿಗೆ ಫಾರ್ವರ್ಡ್ ಮಾಡಿ.” ಬಣ್ಣಬಣ್ಣದ ಸ್ವೆಟರ್ ತೊಟ್ಟ ಪೆಂಗ್ವಿನ್ ಫೋಟೊ ಸಮೇತ ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಫೋಟೊ ಸುಳ್ಳಲ್ಲ. ಸಂದೇಶ ಮಾತ್ರ ಅರ್ಧ ನಿಜ, ಅದೂ ತುಂಬ ಹಳೆಯ ನಿಜ.

ಪೆಂಗ್ವಿನ್‌ಗೆ ಚಳಿ ಹೊಸದೇನಲ್ಲ. ಸಮಸ್ಯೆ ಇದ್ದದ್ದು ಸಮುದ್ರಕ್ಕೆ ಚೆಲ್ಲಿದ ಎಣ್ಣೆಯಲ್ಲಿ. 2001ರಲ್ಲಿ ಮೆಲ್ಬರ್ನ್ ಬಳಿಯ ಫಿಲಿಪ್ ದ್ವೀಪದ ಹತ್ತಿರ ತೈಲ ಸೋರಿ 438 ಪುಟ್ಟ ಪೆಂಗ್ವಿನ್‌ಗಳು ಅದರಲ್ಲಿ ಮಿಂದವು. ಇವು ಒಂದು ಅಡಿ ಎತ್ತರದ, ಸುಮಾರು ಒಂದು ಕಿಲೋ ತೂಗುವ ಹಕ್ಕಿಗಳು. ಎಣ್ಣೆ ತಗುಲಿದರೆ ಗರಿಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಸಂದು ಬೀಳುತ್ತದೆ, ತಣ್ಣೀರು ನೇರ ಚರ್ಮಕ್ಕೆ ಇಳಿಯುತ್ತದೆ. ಹಕ್ಕಿ ಕೊಕ್ಕಿನಿಂದ ಗರಿ ತಿದ್ದಿಕೊಳ್ಳಲು ಹೋಗಿ ಆ ಎಣ್ಣೆಯನ್ನೇ ನುಂಗುತ್ತದೆ. ಸ್ನಾನ ಮಾಡಿಸುವವರೆಗೆ ಹಾಗೆ ನುಂಗದಂತೆ ತಡೆಯಲು, ಸ್ವಲ್ಪ ಬೆಚ್ಚಗಿಡಲು ಉಣ್ಣೆಯ ಸ್ವೆಟರ್ ತೊಡಿಸಿದರು. ಆ ಬಾರಿ ಶೇ. 96ರಷ್ಟು ಪೆಂಗ್ವಿನ್‌ಗಳು ಚೇತರಿಸಿಕೊಂಡವು. ಅವು ಬದುಕಿದ್ದು ಮುಖ್ಯವಾಗಿ ತೊಳೆದು ಆರೈಕೆ ಮಾಡಿದ್ದರಿಂದ. ಸ್ವೆಟರ್ ಆ ನಡುವಿನ ಕೆಲವು ಗಂಟೆಗಳ ಏರ್ಪಾಡು. ಕಾಡುಹಕ್ಕಿಗೆ ಬಟ್ಟೆ ತೊಡಿಸಿದರೆ ಅದು ಇನ್ನಷ್ಟು ಬೆದರುತ್ತದೆ, ಬೆಚ್ಚಗಿನ ಕೋಣೆಯಲ್ಲಿ ಇಡುವುದೇ ಮೇಲು ಎನ್ನುವ ಪಕ್ಷಿ ರಕ್ಷಕರೂ ಇದ್ದಾರೆ.

ಆಮೇಲೆ ಕರೆ ಹಳೆಯದಾಯಿತು, ಫೋಟೊ ಮಾತ್ರ ಹೊಸದಾಗಿಯೇ ಉಳಿಯಿತು. 2014-15ರಲ್ಲಿ ಅದು ಮತ್ತೆ ಜಗತ್ತು ಸುತ್ತಿತು, ಜೊತೆಗೆ 109 ವರ್ಷದ ಅಜ್ಜನೊಬ್ಬ ಪೆಂಗ್ವಿನ್‌ಗೆ ಸ್ವೆಟರ್ ಹೆಣೆಯುತ್ತಾನೆ ಎಂಬ ಸುದ್ದಿಯೂ ಸೇರಿಕೊಂಡಿತು. ಅಷ್ಟರಲ್ಲಿ ದ್ವೀಪದವರ ಬಳಿ ರಾಶಿ ಸ್ವೆಟರ್ ಸೇರಿಬಿಟ್ಟಿತ್ತು. ಹೆಚ್ಚಾದವನ್ನು ಆಟಿಕೆ ಪೆಂಗ್ವಿನ್‌ಗೆ ತೊಡಿಸಿ, ಮಾರಿ, ಆ ಹಣವನ್ನು ಸಂರಕ್ಷಣೆಗೆ ಬಳಸಿದರು. ಕೋಆಲಾ ಕರಡಿಗಳ ಸುಟ್ಟ ಪಾದಕ್ಕೆ ಗವಸು ಬೇಕೆಂಬ 2015ರ ಕರೆಯ ಕಥೆಯೂ ಇದೇ. 2019-20ರ ಕಾಡ್ಗಿಚ್ಚಿನ ಹೊತ್ತಿಗೆ ಪ್ರಾಣಿಗಳಿಗಾಗಿ ಹೊಲಿದದ್ದು, ಹೆಣೆದದ್ದು ಎಷ್ಟು ಬಂತೆಂದರೆ, ಕರೆ ಕೊಟ್ಟ ಸ್ವಯಂಸೇವಕರೇ ಕೆಲವು ವಾರಗಳಲ್ಲಿ “ಸಾಕು, ನಿಲ್ಲಿಸಿ” ಎಂದು ಕೇಳಿಕೊಳ್ಳಬೇಕಾಯಿತು. ಆ ಎರಡನೇ ಸಂದೇಶವನ್ನು ನಿಮಗೆ ಯಾರಾದರೂ ಫಾರ್ವರ್ಡ್ ಮಾಡಿದ್ದಾರೆಯೇ? “ಬೇಕು” ಎಂಬುದು ಹರಡುವ ವೇಗದಲ್ಲಿ “ಸಾಕು” ಎಂಬುದು ಹರಡುವುದಿಲ್ಲ.

ನಮ್ಮ ಕಡೆಯೂ ಹೀಗೇ ಆಗಿದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಗಳಿಂದ ಬಟ್ಟೆ ಬಂದು ಬಿತ್ತು. ಅಲ್ಲಿನ ಸೆಕೆಗೆ ಉಣ್ಣೆ ಬಟ್ಟೆ ಯಾರಿಗೆ ಬೇಕು? ಯಾರೂ ಮುಟ್ಟದ ಬಟ್ಟೆಯ ಗುಡ್ಡೆಗಳು ರಸ್ತೆ ಬದಿಯಲ್ಲೇ ಬಿದ್ದಿದ್ದವು. ಕೊಟ್ಟವರ ಮನಸ್ಸಿನಲ್ಲಿ ಕೊರತೆ ಇರಲಿಲ್ಲ. ಒಂದು ಫೋನ್ ಮಾಡಿ ಕೇಳಲಿಲ್ಲ, ಅಷ್ಟೇ.

ಹಾಗಾದರೆ ನಿಜವಾಗಿ ಬೇಕಾಗಿರುವುದು ಎಲ್ಲಿ?

ಮೊದಲ ಹೆಸರು ಹೇಳುವುದಾದರೆ ತಿಂಗಳು ತುಂಬದೆ ಹುಟ್ಟಿದ ಮಕ್ಕಳದು. ನಮ್ಮ ಅಜ್ಜಿಯರು ಬಾಣಂತಿ ಕೋಣೆಯಲ್ಲಿ ಮಗುವಿಗೆ ಕುಲಾವಿ ಕಟ್ಟುತ್ತಿದ್ದರಲ್ಲ, ಅದರ ಹಿಂದೆ ಗಟ್ಟಿ ವಿಜ್ಞಾನವಿದೆ. ದೊಡ್ಡವರಿಗೆ ಹೋಲಿಸಿದರೆ ಶಿಶುವಿನ ದೇಹದಲ್ಲಿ ತಲೆಯ ಪಾಲು ಹೆಚ್ಚು. ಮೈಯ ಒಟ್ಟು ಮೇಲ್ಮೈಯ ಐದನೇ ಒಂದು ಭಾಗ ತಲೆಯೇ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಚರ್ಮದಡಿ ಕೊಬ್ಬೂ ಕಡಿಮೆ, ಬಿಸಿ ಬೇಗ ಸೋರಿಹೋಗುತ್ತದೆ.

ಇಂಥ ಮಕ್ಕಳಿಗೆ ಕಾಂಗರೂ ಆರೈಕೆ, ಅಂದರೆ ತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದು, ಅತ್ಯುತ್ತಮ ಎಂದು ಸಾಬೀತಾಗಿದೆ. ಭಾರತ ಹಾಗೂ ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಕಡಿಮೆ ತೂಕದ ಶಿಶುಗಳ ಸಾವು ಶೇ. 25ರಷ್ಟು ತಗ್ಗಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಶಿಫಾರಸು ಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಇದನ್ನು ವ್ಯಾಪಕವಾಗಿ ಅಳವಡಿಸುವ ಕೆಲಸವೂ ನಡೆದಿದೆ. ಹೀಗೆ ಕಟ್ಟಿಕೊಂಡಾಗ ಮಗುವಿನ ಮೈಮೇಲೆ ಇರುವುದು ಡೈಪರ್, ಕಾಲುಚೀಲ ಮತ್ತು ತಲೆಗೊಂದು ಟೋಪಿ. ಚಳಿ ಹೆಚ್ಚಿದ್ದರೆ ಮುಂದೆ ತೆರೆದ, ತೋಳಿಲ್ಲದ ಹತ್ತಿಯ ಅಂಗಿ. ಕುತ್ತಿಗೆಯಿಂದ ತೂರಿಸಿ ಹಾಕುವ ತುಂಬುತೋಳಿನ ಸ್ವೆಟರ್ ಎಷ್ಟೇ ಚೆಂದವಿರಲಿ, ಇಲ್ಲಿ ಅಡ್ಡಿ.

ಅಳತೆಯಲ್ಲೇ ಬಹಳ ಜನ ಎಡವುತ್ತಾರೆ. ತಿಂಗಳು ತುಂಬಿದ ಮಗುವಿನ ತಲೆಯ ಸುತ್ತಳತೆ 33ರಿಂದ 35 ಸೆಂ.ಮೀ. ಒಂದೂವರೆ ಕಿಲೋ ತೂಕದ ಮಗುವಿನದು ಸುಮಾರು 28. ಹೆಣೆಯುವವರು ಕಣ್ಣಂದಾಜಿನಲ್ಲಿ ಮೂರು ತಿಂಗಳ ಮಗುವಿಗಾಗುವಷ್ಟು ದೊಡ್ಡದು ಮಾಡಿಬಿಡುತ್ತಾರೆ. ಅದು ಜಾರಿ ಮೂಗಿನ ಮೇಲೆ ಬರುತ್ತದೆ. ಹಾಗಾಗಿ ಕಿತ್ತಳೆ ಹಣ್ಣಿನ ಮೇಲೆ ಹಾಕಿ ನೋಡುವುದು ಬಿಟ್ಟು ಟೇಪ್ ಹಿಡಿಯಿರಿ. ಗುಂಡಿ, ಮಣಿ, ಕಟ್ಟುವ ದಾರ, ಉಣ್ಣೆಯ ಕುಚ್ಚು ಯಾವುದೂ ಬೇಡ.

ಇನ್ನೊಂದು ವಿಷಯ, ಈ ಟೋಪಿ ಆಸ್ಪತ್ರೆಗೆ ಮತ್ತು ಕಾಂಗರೂ ಆರೈಕೆಗೆ. ಆರೋಗ್ಯವಾಗಿರುವ ಮಗು ಮನೆಯೊಳಗೆ ಮಲಗಿರುವಾಗ ತಲೆಗೆ ಟೋಪಿ ಬೇಡ ಎಂದೇ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಮೈ ವಿಪರೀತ ಬಿಸಿಯಾಗುವುದು ನಿದ್ದೆಯಲ್ಲಿನ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಗುವಿಗೆ ಸ್ವೆಟರ್ ಹಾಕಿ ಕೂರಿಸುವವರನ್ನು ನೋಡಿದರೆ ಇದನ್ನು ಎರಡು ಸಲ ಹೇಳಬೇಕೆನಿಸುತ್ತದೆ.

ಟ್ರಂಕಿನಲ್ಲಿರುವ ಬಿಳಿ ಗುಳಿಗೆ: ಇದನ್ನು ಮಾತ್ರ ಮರೆಯಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ. ಉಣ್ಣೆ ಬಟ್ಟೆ ಎಂದರೆ ನಮ್ಮ ಮನೆಗಳಲ್ಲಿ ಟ್ರಂಕು, ಟ್ರಂಕಿನೊಳಗೆ ನುಸಿಗುಳಿಗೆ. ಅದರಲ್ಲಿರುವುದು ಸಾಮಾನ್ಯವಾಗಿ ನ್ಯಾಫ್ತಲೀನ್. ಗುಳಿಗೆ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಬಟ್ಟೆಯ ಎಳೆಎಳೆಗೆ ಸೇರುತ್ತದೆ. ಆ ಬಟ್ಟೆ ತೊಟ್ಟ ಶಿಶುವಿಗೆ ಅದು ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಎಣ್ಣೆ ಹಚ್ಚಿದ ಮೈಗೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಮಗುವಿಗೆ ಎಣ್ಣೆ ನೀವದ ಮನೆ ನಮ್ಮಲ್ಲಿ ಎಷ್ಟಿದೆ?

ಕೆಲವು ಮಕ್ಕಳ ಕೆಂಪು ರಕ್ತಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಅಂಥ ಮಗುವಿಗೆ ನ್ಯಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆಯತೊಡಗುತ್ತವೆ, ಕಾಮಾಲೆ ವಿಪರೀತಕ್ಕೇರುತ್ತದೆ, ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಶಿಶುಗಳು ಸತ್ತ ಉದಾಹರಣೆಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಮಗುವಿಗೆ ಈ ಕೊರತೆ ಇದೆಯೆಂಬುದು ಬಹುತೇಕ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ನುಸಿಗುಳಿಗೆ ಜೊತೆ ಇಟ್ಟಿದ್ದ ಯಾವುದನ್ನೂ ನವಜಾತ ಶಿಶುವಿಗೆ ಕೊಡಬೇಡಿ. ಒಗೆದಿದ್ದೇವಲ್ಲ ಎಂಬ ಧೈರ್ಯವೂ ಬೇಡ. ಚೆನ್ನಾಗಿ ಒಗೆದು, ದಿನಗಟ್ಟಲೆ ಗಾಳಿಗೆ ಹರವಿ, ವಾಸನೆ ಪೂರ್ತಿ ಹೋದ ಮೇಲೆ ದೊಡ್ಡವರಿಗೆ ಕೊಡಬಹುದು.

ತಮಾಷೆಯೆಂದರೆ ಬಹುಪಾಲು ಸಲ ಆ ಗುಳಿಗೆಯ ಅಗತ್ಯವೇ ಇರುವುದಿಲ್ಲ. ನುಸಿಯ ಮರಿಹುಳು ತಿನ್ನುವುದು ಉಣ್ಣೆ, ರೇಷ್ಮೆಯಂಥ ಪ್ರಾಣಿಮೂಲದ ಎಳೆಯನ್ನು. ನಾವು ಅಂಗಡಿಯಲ್ಲಿ “ಉಲ್ಲನ್” ಎಂದು ಕೇಳಿ ತರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಅದನ್ನು ನುಸಿ ತಿನ್ನುವುದಿಲ್ಲ. ಯಾವುದು ಎಂದು ತಿಳಿಯಬೇಕೆ? ಎರಡಿಂಚು ನೂಲನ್ನು ಚಿಮುಟದಲ್ಲಿ ಹಿಡಿದು ಸಿಂಕಿನ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಆರಿದ ಮೇಲೆ ಮುಟ್ಟಿ, ಕೈ ಸುಟ್ಟುಕೊಳ್ಳಬೇಡಿ.

ಕೈಗವಸು ಮತ್ತು ಆಕ್ಟೋಪಸ್

ಶಿಶುವಿನ ಕೈಗವಸು, ಕಾಲುಚೀಲಗಳ ಒಳಮುಖವನ್ನು ತಿರುಗಿಸಿ ನೋಡಿ. ಬಣ್ಣ ಬದಲಿಸಿದಲ್ಲಿ ಉಳಿದ ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತಸಂಚಾರ ನಿಲ್ಲುತ್ತದೆ. ಮಗು ಅಳುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಬೆರಳನ್ನೇ ಕಳೆದುಕೊಂಡ ಪ್ರಕರಣಗಳಿವೆ.

ನೂಲಿನ ಆಕ್ಟೋಪಸ್ ಬೊಂಬೆಯ ಫಾರ್ವರ್ಡನ್ನೂ ನೀವು ನೋಡಿರುತ್ತೀರಿ. ಅದರ ಕಾಲುಗಳನ್ನು ಹಿಡಿದ ಶಿಶುವಿಗೆ ಹೊಕ್ಕುಳಬಳ್ಳಿಯ ನೆನಪಾಗಿ ಉಸಿರಾಟ, ಹೃದಯಬಡಿತ ಸುಧಾರಿಸುತ್ತದಂತೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಈ ದಾನಕ್ಕೆ ನಿಯಮಗಳಿವೆ: ಪೂರ್ತಿ ಹತ್ತಿ ನೂಲು, ಎಳೆದಾಗಲೂ ಕಾಲಿನ ಉದ್ದ 22 ಸೆಂ.ಮೀ. ಮೀರಬಾರದು, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಲು ಬರಬೇಕು. ಆರೋಗ್ಯದ ಲಾಭದ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಯಂತ್ರಗಳ ನಿಗಾ ಇರುವ ಆಸ್ಪತ್ರೆಯ ವಾರ್ಡಿನ ಮಾತು ಬೇರೆ, ಮನೆಯಲ್ಲಿ ಮಗು ಮಲಗುವ ಜಾಗದಲ್ಲಿ ಮೆತ್ತನೆಯ ಬೊಂಬೆ ಇಡಲೇಬಾರದು.

ದೊಡ್ಡವರಿಗೂ ಬೇಕು

ಕ್ಯಾನ್ಸರ್‌ನ ಕೀಮೋ ಚಿಕಿತ್ಸೆಯಲ್ಲಿ ಕೂದಲು ಉದುರಿದವರಿಗೆ ಟೋಪಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಆಗ ನೆತ್ತಿಯ ಚರ್ಮ ತುಂಬ ಸೂಕ್ಷ್ಮವಾಗಿರುತ್ತದೆ, ಒರಟು ಉಣ್ಣೆ ಚುಚ್ಚುತ್ತದೆ. ಮೆತ್ತನೆಯ ಹತ್ತಿ ನೂಲೇ ಸರಿ, ದಪ್ಪ ಹೊಲಿಗೆ ಬೇಡ. ಸ್ತನ ತೆಗೆಸಿಕೊಂಡ ಮಹಿಳೆಯರಿಗೆ ಬ್ರಾ ಒಳಗೆ ಇಡಲು ಹತ್ತಿ ನೂಲಿನಲ್ಲಿ ಹೆಣೆದ ಹಗುರ ಕೃತಕ ಸ್ತನಗಳನ್ನು ಉಚಿತವಾಗಿ ಕೊಡುವ ಗುಂಪುಗಳು ಅಮೆರಿಕದಲ್ಲೂ ಭಾರತದಲ್ಲೂ ಇವೆ. ಸಿಲಿಕೋನ್‌ನದು ಭಾರ, ದುಬಾರಿ, ಆಪರೇಷನ್ ಆದ ಮೊದಲ ಕೆಲವು ವಾರ ಅದನ್ನು ಹಾಕಿಕೊಳ್ಳಲೂ ಆಗುವುದಿಲ್ಲ. ಅಂಗಡಿಯ ಮಾಲಿಗಿಂತ ಕೈಹೆಣಿಗೆಯೇ ಮೇಲು ಎಂದು ಧೈರ್ಯವಾಗಿ ಹೇಳಬಹುದಾದ ಜಾಗ ಇದು.

ಉಳಿದಂತೆ, ದೂರದ ಪೆಂಗ್ವಿನ್ ಬಿಡಿ, ಬೀದರ್, ವಿಜಯಪುರದ ಡಿಸೆಂಬರ್ ಚಳಿ ನೆನಪಿಸಿಕೊಳ್ಳಿ. ಕಬ್ಬು ಕಡಿಯುವ ಕುಟುಂಬಗಳು ಅದೇ ಚಳಿಗಾಲದಲ್ಲಿ ಮಕ್ಕಳ ಜೊತೆ ಹೊಲದ ಬದಿಯ ಜೋಪಡಿಯಲ್ಲಿರುತ್ತವೆ. ನಗರಗಳಲ್ಲಿ ನಿರಾಶ್ರಿತರ ತಂಗುದಾಣಗಳಿವೆ, ವೃದ್ಧಾಶ್ರಮಗಳಿವೆ. ಬೆಂಕಿ ಕಾಯಿಸಿಕೊಳ್ಳುವವರಿಗೆ ಅಕ್ರಿಲಿಕ್ ಕೊಡುವಾಗ ಯೋಚಿಸಿ. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕುರಿ ಕಾಯುವವರ ಕಂಬಳಿ ಇಷ್ಟು ಕಾಲ ಬಾಳಿದ್ದು ಸುಮ್ಮನೆ ಅಲ್ಲ. ವೃದ್ಧಾಶ್ರಮ, ಆಸ್ಪತ್ರೆಗಳಿಗೆ ಇದು ತಿರುಗುಮುರುಗು: ಅಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಸಿನೀರಿಗೆ ಹಾಕಿ ಕುಕ್ಕುತ್ತಾರೆ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿವೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಬೊಂಬೆಯ ಅಳತೆಗೆ ಇಳಿಯುತ್ತದೆ. ಅಲ್ಲಿಗೆ ಹತ್ತಿ ಕೊಡಿ.

ಕೇಳುವುದು ಹೇಗೆ?

ನಮ್ಮ ಚಿಕ್ಕಮ್ಮ ಒಂದು ಮಳೆಗಾಲವಿಡೀ ಕೂತು ನಲವತ್ತು ಟೋಪಿ ಹೆಣೆದು ಆಸ್ಪತ್ರೆಯೊಂದಕ್ಕೆ ಒಯ್ದಿದ್ದರು. “ಅಮ್ಮಾ, ನಾವು ಹೊರಗಿನ ಬಟ್ಟೆ ತಗೊಳ್ಳಲ್ಲ” ಎಂದರು ಸಿಸ್ಟರ್. ಸೋಂಕಿನ ಭಯದಿಂದ ಹಾಗೆ ನಿಯಮ ಮಾಡಿಕೊಂಡಿರುವುದು ತಪ್ಪಲ್ಲ. ಚೀಲ ಹಿಡಿದು ವಾಪಸ್ ಬಸ್ ಹತ್ತಿದ ಚಿಕ್ಕಮ್ಮನ ಮುಖ ಮಾತ್ರ ಇನ್ನೂ ನೆನಪಿದೆ.

ಆದ್ದರಿಂದ ಕಡ್ಡಿ ಹಿಡಿಯುವ ಮೊದಲೇ ಫೋನ್ ಹಿಡಿಯಿರಿ. ಜಿಲ್ಲಾಸ್ಪತ್ರೆಯಾದರೆ ನವಜಾತ ಶಿಶು ಘಟಕದ ನರ್ಸಿಂಗ್ ಮುಖ್ಯಸ್ಥರನ್ನು ಕೇಳಿ, ಆಶ್ರಮವಾದರೆ ಮೇಲ್ವಿಚಾರಕರನ್ನು. ಈ ತಿಂಗಳು ಬೇಕೇ, ಎಷ್ಟು ಬೇಕು, ಯಾವ ಅಳತೆ, ಯಾವ ನೂಲು, ಹೇಗೆ ಒಗೆಯುತ್ತೀರಿ, ಬಳಸಿದವರು ಮನೆಗೆ ಒಯ್ಯಬಹುದೇ? ಸಾಧ್ಯವಾದರೆ ಒಂದೇ ಒಂದು ಮಾದರಿ ಹೆಣೆದು ತೋರಿಸಿ, ಒಪ್ಪಿದ ಮೇಲೆ ಮುಂದುವರಿಸಿ. ಫಾರ್ವರ್ಡಿನಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲಿ ಆ ಕರೆ ಇದೆಯೇ, ಯಾವ ತಾರೀಕಿನದು ನೋಡಿ. ಕೊಡುವಾಗ ಒಗೆದು, ಒಣಗಿಸಿ, ಜಿಪ್ ಕವರಿಗೆ ಹಾಕಿ, ನೂಲು ಯಾವುದು, ಅಳತೆ ಎಷ್ಟು, ಬಿಸಿನೀರು ಆಗುತ್ತದೆಯೇ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ, ನಾಯಿ ಬೆಕ್ಕು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಯಾರೂ ಬೇಡ ಎಂದರೆ? ಅಪಾರ್ಟ್‌ಮೆಂಟಿನ ಸಂತೆಯಲ್ಲೋ ದೇವಸ್ಥಾನದ ಜಾತ್ರೆಯಲ್ಲೋ ಮಾರಿ, ಬಂದ ಹಣವನ್ನು ಅದೇ ಆಸ್ಪತ್ರೆಗೆ ಕೊಡಬಹುದು. ಫಿಲಿಪ್ ದ್ವೀಪದವರು ಮಾಡಿದ್ದೂ ಅದನ್ನೇ. ಇಲ್ಲವೇ ಬಿಚ್ಚಿ ಉಂಡೆ ಸುತ್ತಿಡಿ, ನೂಲು ಹಾಳಾಗುವುದಿಲ್ಲ. ಚಿಕ್ಕಮ್ಮ ಹಾಗೇ ಮಾಡಿದರು. ಆ ನಲವತ್ತು ಟೋಪಿಗಳು ಈಗ ಊರಿನ ವೃದ್ಧಾಶ್ರಮವೊಂದರಲ್ಲಿ ಹನ್ನೆರಡು ಮಂದಿಯ ಮಂಡಿ ಮುಚ್ಚುವ ಹೊದಿಕೆಗಳಾಗಿವೆ. ಅಳತೆ ಕೇಳಿಕೊಂಡು ಬಂದೇ ಹೆಣೆದದ್ದು.