ಹೊಸ್ತಿಲ ಪರೀಕ್ಷೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ನನ್ನ ನಾದಿನಿಯ ಮಗಳ ಫೋನು ಬಂತು. ಅವಳು ಅಮೆರಿಕದ ಷಿಕಾಗೋ ಹತ್ತಿರದ ಊರೊಂದರಲ್ಲಿ ಶಾಲಾ ಶಿಕ್ಷಕಿ. ಮುಂದೆ ಮುಖ್ಯೋಪಾಧ್ಯಾಯಿನಿಯಾಗಬೇಕೆಂಬ ಹಂಬಲ. ಅದಕ್ಕಾಗಿ ಕೆಲಸದ ಜೊತೆಗೇ 'ಶೈಕ್ಷಣಿಕ ನಾಯಕತ್ವ'ದಲ್ಲಿ ಡಾಕ್ಟರೇಟ್ ಓದುತ್ತಿದ್ದಾಳೆ. "ಅತ್ತೆ, ಮುಂದಿನ ತಿಂಗಳು ಕ್ವಾಲಿಫೈಯಿಂಗ್ ಪರೀಕ್ಷೆ. ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂದಳು. ನಲವತ್ತು ದಾಟಿದವಳು, ಎರಡು ಮಕ್ಕಳ ತಾಯಿ, ಎಸ್ಸೆಸ್ಸೆಲ್ಸಿ ಹುಡುಗಿಯ ಹಾಗೆ ಬಿಕ್ಕುತ್ತಿದ್ದಳು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಪರೀಕ್ಷೆ ಪಾಸಾದರೆ ಡಾಕ್ಟರ್ ಅನ್ನಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಎರಡು ಮೂರು ವರ್ಷ ಪಾಠಗಳನ್ನೆಲ್ಲ ಮುಗಿಸಿದ ಮೇಲೆ, ಮಹಾಪ್ರಬಂಧ ಶುರುಮಾಡುವ ಮೊದಲು, ಈ ಪರೀಕ್ಷೆ ಅಡ್ಡ ನಿಂತಿರುತ್ತದೆ. ಶಾಲೆಯ ಕಾನೂನು, ಹಣಕಾಸು, ಪಠ್ಯಕ್ರಮ, ನಾಯಕತ್ವದ ಸಿದ್ಧಾಂತ, ಸಂಶೋಧನಾ ವಿಧಾನ ಎಲ್ಲ ಒಟ್ಟಿಗೆ. ಕೆಲವು ಕಡೆ ಕೊಠಡಿಯಲ್ಲಿ ಕೂತು ಬರೆಯಬೇಕು, ಕೆಲವು ಕಡೆ ಪ್ರಶ್ನೆಗಳನ್ನು ಮನೆಗೇ ಕೊಟ್ಟು ಗಡುವು ಹಾಕುತ್ತಾರೆ. ಆಮೇಲೆ ಪ್ರಾಧ್ಯಾಪಕರ ಮುಂದೆ ಕೂತು ಬರೆದದ್ದನ್ನು ಸಮರ್ಥಿಸಿಕೊಳ್ಳಬೇಕು. ಸಾಮಾನ್ಯವಾಗಿ ಎರಡನೆಯ ಅವಕಾಶ ಉಂಟು, ಮೂರನೆಯದು ಕಡಿಮೆ. ಪಾಸಾಗಿಯೂ ಪ್ರಬಂಧ ಬರೆಯಲಾಗದೆ ನಿಂತವರಿಗೆ ಅಲ್ಲಿ 'ಪ್ರಬಂಧವೊಂದು ಬಿಟ್ಟು ಎಲ್ಲಾ ಮುಗಿಸಿದವರು' ಎಂಬ ಅಡ್ಡಹೆಸರೇ ಇದೆ. ಶಾವಿಗೆ, ಹಾಲು, ಸಕ್ಕರೆ ಎಲ್ಲ ಅಣಿಮಾಡಿ ಒಲೆ ಹಚ್ಚದವರು ಅನ್ನಿ. ಈಚೆಗೆ ಎಷ್ಟೋ ವಿಶ್ವವಿದ್ಯಾಲಯಗಳು ಈ ಪರೀಕ್ಷೆ ಬಿಟ್ಟು, ಓದಿದ್ದನ್ನು ತಮ್ಮ ಶಾಲೆಯಲ್ಲಿ ಹೇಗೆ ಬಳಸಿದಿರಿ ಎಂಬ ಕಡತ ಕೇಳುತ್ತವೆ. ನಮ್ಮ ಹುಡುಗಿಯದು ಹಳೆಯ ಕ್ರಮದ್ದು.

ಅವಳಿಗೆ ಸಮಾಧಾನ ಹೇಳಲು ನನ್ನಲ್ಲೇನೂ ಇರಲಿಲ್ಲ. ಆದರೆ ಷಿಕಾಗೋ ಅಂದಾಗ ಎಂದೋ ಓದಿದ್ದ ಒಬ್ಬಾಕೆಯ ನೆನಪಾಯಿತು. ಷಿಕಾಗೋ ಎಂದರೆ ನಮಗೆಲ್ಲ 1893ರ ವಿವೇಕಾನಂದರ ಭಾಷಣವೇ ಅಲ್ಲವೆ? ಅವರು ಅಲ್ಲಿ ಮಾತಾಡುತ್ತಿದ್ದಾಗ, ಅದೇ ನಗರದ ಶಾಲೆಗಳ ಸಹಾಯಕ ಸೂಪರಿಂಟೆಂಡೆಂಟ್ ಆಗಿದ್ದವರು ಎಲಾ ಫ್ಲಾಗ್ ಯಂಗ್ ಎಂಬ ಹೆಂಗಸು.

1845ರಲ್ಲಿ ಬಫಲೋ ಎಂಬ ಊರಿನಲ್ಲಿ ಹುಟ್ಟಿದವರು. ಹದಿನೈದರ ವಯಸ್ಸಿಗೇ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸು ಮಾಡಿದರು. ವಯಸ್ಸು ಸಾಲದು ಎಂದು ಕೆಲಸ ಕೊಡಲಿಲ್ಲ. ತರಬೇತಿ ಶಾಲೆ ಸೇರಿ, 1862ರಲ್ಲಿ ಹದಿನೇಳರ ಹುಡುಗಿ ತರಗತಿಗೆ ಕಾಲಿಟ್ಟರು. ಮದುವೆಯಾದರು, ಗಂಡ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1876ರಲ್ಲಿ ಪ್ರಿನ್ಸಿಪಾಲರು, 1887ರಲ್ಲಿ ಸಹಾಯಕ ಸೂಪರಿಂಟೆಂಡೆಂಟ್. ಅಷ್ಟು ದೂರ ಬಂದವರು ಐವತ್ತರ ವಯಸ್ಸಿನಲ್ಲಿ, 1895ರಲ್ಲಿ, ತಮಗಿಂತ ಹದಿನಾಲ್ಕು ವರ್ಷ ಚಿಕ್ಕವರಾದ ಜಾನ್ ಡ್ಯೂಯಿ ಅವರ ತರಗತಿಗೆ ವಿದ್ಯಾರ್ಥಿನಿಯಾಗಿ ಹೋಗಿ ಕೂತರು. ಡ್ಯೂಯಿ ಹೆಸರು ಬಿ.ಎಡ್. ಮಾಡಿದ ನಮಗೆಲ್ಲ ಗೊತ್ತು, ಐದು ಅಂಕದ ಪ್ರಶ್ನೆಯಾಗಿ. ಅವರ ತರಗತಿಯಲ್ಲಿ ಇಂಥವರೊಬ್ಬರಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ.

1900ರಲ್ಲಿ, ಐವತ್ತೈದರಲ್ಲಿ, ಅವರಿಗೆ ಪಿಎಚ್.ಡಿ. ಬಂತು. ಪ್ರಬಂಧದ ವಿಷಯ ಶಾಲೆಯೊಳಗಿನ ಒಂಟಿತನ. ಮೇಲಿನವರು ನಿರ್ಧರಿಸುತ್ತಾರೆ, ಕೆಳಗಿನ ಶಿಕ್ಷಕಿ ಹೇಳಿದಷ್ಟು ಮಾಡುತ್ತಾಳೆ. ಯೋಚಿಸುವುದು ಒಬ್ಬರ ಪಾಲು, ದುಡಿಯುವುದು ಇನ್ನೊಬ್ಬರ ಪಾಲಾದಾಗ ಶಾಲೆ ಯಂತ್ರವಾಗುತ್ತದೆ, ಪಾಠ ಮಾಡುವವರಿಗೂ ಆಡಳಿತದಲ್ಲಿ ಮಾತಿರಬೇಕು ಎಂಬುದು ಅದರ ಸಾರ. ಇದನ್ನು ಓದಿದಾಗ ನಮ್ಮ ಸ್ಟಾಫ್ ರೂಮಿನ ಸುತ್ತೋಲೆ ಕಟ್ಟು ಕಣ್ಣಮುಂದೆ ಬಂತು. 'ಓದಿ ಸಹಿ ಮಾಡಿ' ಎಂದಿರುತ್ತದೆ. ಸಹಿ ಮಾಡುತ್ತೇವೆ, ಓದಿರುವುದಿಲ್ಲ.

1909ರಲ್ಲಿ ಅವರು ಷಿಕಾಗೋದ ಎಲ್ಲ ಶಾಲೆಗಳಿಗೂ ಮುಖ್ಯಸ್ಥೆಯಾದರು. ಅಮೆರಿಕದ ಅಷ್ಟು ದೊಡ್ಡ ನಗರಕ್ಕೆ ಹೆಂಗಸೊಬ್ಬಳು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಮರುವರ್ಷ ರಾಷ್ಟ್ರೀಯ ಶಿಕ್ಷಣ ಸಂಘದ ಮೊದಲ ಮಹಿಳಾ ಅಧ್ಯಕ್ಷೆ. 1913ರಲ್ಲಿ ಮಂಡಳಿ ಅವರನ್ನು ಕೈಬಿಟ್ಟಾಗ ಊರಿನ ಹೆಂಗಸರೆಲ್ಲ ಎದ್ದು ಗಲಾಟೆ ಮಾಡಿ ವಾಪಸು ಕರೆಸಿದರು. ಅದೇ ವರ್ಷ ಇಲಿನಾಯ್ ರಾಜ್ಯದ ಹೆಂಗಸರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದಿತ್ತು. ಎರಡಕ್ಕೂ ನಂಟಿಲ್ಲ ಎಂದು ಯಾರು ಹೇಳಿಯಾರು?

ಆದರೆ ಪರೀಕ್ಷೆ ಪಾಸಾದವರಿಗೆಲ್ಲ ಬಾಗಿಲು ತೆರೆಯಲಿಲ್ಲ. ಎಲಾ ಯಂಗ್ ಡ್ಯೂಯಿಯವರ ತರಗತಿಗೆ ಸೇರಿದ ಅದೇ 1895ರ ಮೇ 28ರಂದು, ದೂರದ ಹಾರ್ವರ್ಡ್‌ನಲ್ಲಿ ಮೇರಿ ವಿಟನ್ ಕಾಲ್ಕಿನ್ಸ್ ಎಂಬ ಅಧ್ಯಾಪಕಿ ಮನಶ್ಶಾಸ್ತ್ರದ ಡಾಕ್ಟರೇಟ್ ಪರೀಕ್ಷೆಗೆ ಕೂತರು. ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅವರು ಅತಿಥಿಯಾಗಿ ಓದಿದವರು. ವಿಲಿಯಂ ಜೇಮ್ಸ್ ಅಂಥವರೇ ಪರೀಕ್ಷಕರು. ತಾವು ಕಂಡ ಪರೀಕ್ಷೆಗಳಲ್ಲೇ ಇದು ಶ್ರೇಷ್ಠ ಎಂದು ಮೆಚ್ಚಿಕೊಂಡರು. ಪದವಿ ಮಾತ್ರ ಕೊಡಲಿಲ್ಲ, ಹೆಂಗಸು ಎಂಬ ಕಾರಣಕ್ಕೆ. 1902ರಲ್ಲಿ ಪಕ್ಕದ ಮಹಿಳಾ ಕಾಲೇಜಾದ ರಾಡ್‌ಕ್ಲಿಫ್‌ನ ಹೆಸರಿನಲ್ಲಿ ಕೊಡುತ್ತೇವೆ ಎಂದರು. ನಾನು ಓದಿದ್ದು ಅಲ್ಲಲ್ಲ ಎಂದು ಅವರು ಬೇಡವೆಂದರು. 1905ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾದರು. 1930ರಲ್ಲಿ ತೀರಿಕೊಂಡಾಗಲೂ ಆ ಪದವಿ ಇರಲಿಲ್ಲ. 1920ರಲ್ಲಿ ಅದೇ ಹಾರ್ವರ್ಡ್ ಶಿಕ್ಷಣದ ಸ್ನಾತಕೋತ್ತರ ಶಾಲೆ ತೆರೆದು, ಶಾಲೆ ನಡೆಸುವವರಿಗೆಂದೇ 'ಡಾಕ್ಟರ್ ಆಫ್ ಎಜುಕೇಷನ್' ಪದವಿ ಶುರುಮಾಡಿತು, ಹೆಂಗಸರನ್ನೂ ಸೇರಿಸಿಕೊಂಡು. ನಮ್ಮ ಹುಡುಗಿ ಈಗ ಓದುತ್ತಿರುವುದು ಅದೇ ಹೆಸರಿನ ಪದವಿಗೆ.

ನನ್ನದೂ ಒಂದು ಚಿಕ್ಕ ಕತೆ ಇದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಹಿರಿತನ ನನ್ನದೇ ಇತ್ತು. ಬೇಕಾದ ಪರೀಕ್ಷೆಗಳನ್ನೂ ಮುಗಿಸಿದ್ದೆ. 'ದೊಡ್ಡ ಹುಡುಗರನ್ನು ಹೆಂಗಸು ಹೇಗೆ ಹದ್ದುಬಸ್ತಿನಲ್ಲಿಟ್ಟಾಳು?' ಎಂದು ಮ್ಯಾನೇಜ್‌ಮೆಂಟಿನವರು ನಾಲ್ಕು ವರ್ಷ ನನ್ನನ್ನು 'ಪ್ರಭಾರ' ಮುಖ್ಯೋಪಾಧ್ಯಾಯಿನಿಯಾಗಿಯೇ ಇಟ್ಟರು. ಸಂಬಳದ ಬಿಲ್ಲು, ಬಿಸಿಯೂಟದ ಲೆಕ್ಕ, ಪೋಷಕರ ಜಗಳ ಎಲ್ಲ ನನ್ನದು. ಕುರ್ಚಿ ಮಾತ್ರ ಕೊನೆಗೆ ನನಗಿಂತ ಕಿರಿಯ ಮೇಷ್ಟ್ರಿಗೆ ಹೋಯಿತು. ಅದಕ್ಕೂ ಮೊದಲು ಎಂ.ಎಡ್. ಮಾಡುವ ಆಸೆಯಿಂದ ಒಂದು ಅರ್ಜಿ ತಂದಿದ್ದೆ. ಈಚೆಗೆ ಪೆಟ್ಟಿಗೆ ಒರೆಸುವಾಗ ಸಿಕ್ಕಿತು. ಮುಂಭಾಗ ಖಾಲಿ, ಹಿಂಭಾಗದಲ್ಲಿ ಒಂದು ತಿಂಗಳ ಹಾಲಿನ ಲೆಕ್ಕ, ನನ್ನದೇ ಅಕ್ಷರದಲ್ಲಿ.

ಇದನ್ನು ಅವಳಿಗೆ ಹೇಳಲಿಲ್ಲ. ಎಲಾ ಯಂಗ್ ಕತೆ ಹೇಳಿದೆ, ಕಾಲ್ಕಿನ್ಸ್ ಕತೆಯನ್ನೂ ಹೇಳಿದೆ. "ಎರಡನೆಯದನ್ನು ಪರೀಕ್ಷೆ ಮುಗಿದ ಮೇಲೆ ಹೇಳಬಾರದಿತ್ತೇ ಅತ್ತೆ" ಎಂದು ನಕ್ಕಳು. ಅಷ್ಟು ದಿನದ ಮೇಲೆ ಅವಳು ನಕ್ಕದ್ದು ಅಂದೇ.

ಮೊನ್ನೆ ಬರವಣಿಗೆಯ ಭಾಗ ಮುಗಿಯಿತಂತೆ. ಶಿಕ್ಷಕರಿಗೆ ತೀರ್ಮಾನಗಳಲ್ಲಿ ಪಾಲು ಕೊಡುವುದು ಹೇಗೆ ಎಂದು ಒಂದು ಪ್ರಶ್ನೆ ಇತ್ತಂತೆ. ಅದಕ್ಕೆ ಎಲಾ ಯಂಗ್ ಅವರಿಂದಲೇ ಶುರುಮಾಡಿದಳಂತೆ. ಮೌಖಿಕ ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಆಗ ನಮಗೆ ರಾತ್ರಿ ಎಂಟೂವರೆ. ಅವತ್ತು ಅಡುಗೆ ಬೇಗ ಮುಗಿಸಿ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತೇನೆ.